ಕಿಟಕಿ ನೋಡುತ್ತಿದ್ದ ಹುಡುಗ

ಈ ಏಪ್ರಿಲ್‌ನಲ್ಲಿ ನಮ್ಮೂರಿನ ಕಾಲೇಜಿನವರು, ಮುಂದೆ ಶಿಕ್ಷಕರಾಗಲಿರುವವರಿಗೆ ಮಕ್ಕಳ ಕಾಯಿಲೆಗಳ ಬಗ್ಗೆ ಎರಡು ಮಾತು ಹೇಳಿ ಎಂದು ನನ್ನನ್ನು ಕರೆದರು. ಮಕ್ಕಳ ಡಾಕ್ಟರು ನೋಡಿ, 60 ಸ್ಲೈಡು ಹೊತ್ತುಕೊಂಡೇ ಹೋದೆ. ಅಧ್ಯಾಪಕಿ ಸ್ಲೈಡೇ ಬೇಡ ಎಂದುಬಿಟ್ಟರು! "ಒಂದು ಮಗುವಿನ ಕಥೆ ಹೇಳಿ. ಕಾಯಿಲೆಯ ಹೆಸರು ಮಾತ್ರ ಹೇಳಬೇಡಿ."

ಹೇಳಿದೆ: 7 ವರ್ಷದ ಹುಡುಗಿ. ಪಾಠದ ನಡುವೆ ಕಿಟಕಿಯತ್ತ ನೋಡುತ್ತಾ ಸುಮ್ಮನಾಗುತ್ತಾಳೆ. ಕರೆದರೆ ಓಗೊಡುವುದಿಲ್ಲ. ಡಿಕ್ಟೇಷನ್‌ನಲ್ಲಿ ನಡುನಡುವೆ ಪದಗಳು ಬಿಟ್ಟುಹೋಗಿರುತ್ತವೆ.

ಮೊದಲು ಎಲ್ಲರೂ ಉತ್ತರಗಳನ್ನೇ ಎಸೆದರು. ಗಮನ ಸಾಲದು, ಕಿವಿ ಮಂದ, ಮನೆಯಲ್ಲಿ ಜಗಳ. ಅಧ್ಯಾಪಕಿಯದು ಒಂದೇ ಮಾತು: "ನಿಮಗೆ ಹೇಗೆ ಗೊತ್ತು? ತಿಳಿಯಲು ನಾಳೆ ತರಗತಿಯಲ್ಲಿ ಏನು ನೋಡುತ್ತೀರಿ?" ಆಮೇಲೆ ನಿಜವಾದ ಪ್ರಶ್ನೆಗಳು ಬಂದವು. ಎಷ್ಟು ಸೆಕೆಂಡು? ದಿನಕ್ಕೆ ಎಷ್ಟು ಸಲ? ಆಡುವಾಗಲೂ ಬರುತ್ತದೆಯೇ? ಭುಜ ಮುಟ್ಟಿದರೆ ಎಚ್ಚರವಾಗುತ್ತಾಳೆಯೇ? ಹಗಲುಗನಸಾದರೆ ಮುಟ್ಟಿದಾಗ ಒಡೆಯುತ್ತದೆ. ಇದು ಹಾಗಲ್ಲ, ಹತ್ತು ಸೆಕೆಂಡು ಇದ್ದು ತಾನಾಗಿ ಹೋಗುತ್ತದೆ, ಮಗು ಏನೂ ಆಗದಂತೆ ಮತ್ತೆ ಬರೆಯತೊಡಗುತ್ತದೆ. ಆಬ್ಸೆನ್ಸ್ ಎಪಿಲೆಪ್ಸಿ. ಕ್ಲಿನಿಕ್ಕಿನಲ್ಲಿ 3 ನಿಮಿಷ ಜೋರಾಗಿ ಉಸಿರಾಡಿಸಿದರೆ ನಮ್ಮ ಕಣ್ಣೆದುರೇ ಬರುವುದುಂಟು. ಮಾತ್ರೆಗೆ ಅನೇಕ ಮಕ್ಕಳಲ್ಲಿ ಹತೋಟಿಗೆ ಬರುತ್ತದೆ.

ನಮ್ಮ ಎಂಬಿಬಿಎಸ್‌ನಲ್ಲಿ ಬಾಯಿಪಾಠವೇ ದೇವರು. ಇಲ್ಲಿ ರೆಸಿಡೆನ್ಸಿಗೆ ಬಂದಾಗ ಬೆಳಗಿನ ರಿಪೋರ್ಟಿನಲ್ಲಿ "ಯಾಕೆ ಹಾಗೆನ್ನುತ್ತೀರಿ?" ಎಂದರೆ ಕೈಕಾಲು ನಡುಗುತ್ತಿತ್ತು. ಕೆನಡಾದ ಮೆಕ್‌ಮಾಸ್ಟರ್‌ನಲ್ಲಿ 1969ರಿಂದಲೇ ವೈದ್ಯವಿದ್ಯಾರ್ಥಿಗಳಿಗೆ ರೋಗಿಯ ಸಮಸ್ಯೆಯಿಂದಲೇ ಪಾಠ ಶುರುವಾಗುತ್ತಿತ್ತಂತೆ. ಅಮೆರಿಕದ 1975ರ ಕಾನೂನು ಅಂಗವಿಕಲ ಮಕ್ಕಳಿಗೂ ಸರ್ಕಾರಿ ಶಾಲೆಯ ಬಾಗಿಲು ತೆರೆಯಿತು, ಆದಷ್ಟೂ ಉಳಿದವರ ಜೊತೆಗೇ ಕೂರಿಸಿ ಎಂದಿತು. ಕೂರಿಸಿದ ಮೇಲೆ ನೋಡಬೇಕಾದವರು ಟೀಚರೇ ತಾನೆ.

ನನ್ನ ಕಥೆಯ ಹುಡುಗಿ ನನ್ನ ಪೇಷಂಟು ಎಂದುಕೊಂಡೇ ಅವರೆಲ್ಲ ಕೇಳಿದರು. ನನಗೆ ಮಾತ್ರ ನಡುವೆಯೇ ಗಂಟಲು ಕಟ್ಟಿತು. ನಾಲ್ಕನೇ ಕ್ಲಾಸಿನಲ್ಲಿ ನಮ್ಮ ಹಳ್ಳಿಯಲ್ಲಿ ಒಬ್ಬ ಹುಡುಗನಿದ್ದ, ಕಿಟಕಿ ಪಕ್ಕ. ಮಾನಿಟರ್ ನಾನು. "ಪಾಠ ಕೇಳದವರು" ಎಂದು ಬೋರ್ಡಿನ ಮೇಲೆ ದಿನವೂ ಅವನ ಹೆಸರು ಬರೆಯುತ್ತಿದ್ದೆ, ದುಂಡಗಿನ ಅಕ್ಷರದಲ್ಲಿ. ಏಟು ಬಿದ್ದಾಗ ಬೆಚ್ಚಿ, "ನಾನೇನ್ ಮಾಡ್ದೆ ಸಾ?" ಎನ್ನುತ್ತಿದ್ದ. ನಾವು ಅದಕ್ಕೇ ಹೆಚ್ಚು ನಗುತ್ತಿದ್ದುದು. ಮರುವರ್ಷ ಅವನು ಶಾಲೆಗೆ ಬರಲಿಲ್ಲ. ಅದೇ ಕಾಯಿಲೆಯೋ, ಬರೀ ಹಸಿವೋ, ಇಷ್ಟು ದೂರದಿಂದ ಯಾವ ಡಾಕ್ಟರೂ ಹೇಳಲಾರ.

ಕಾರಿನಲ್ಲಿ ಕೂತೇ ಊರಿನ ತಮ್ಮನಿಗೆ ಫೋನು ಮಾಡಿದೆ. "ಅವನಾ? ಈಗ್ಯಾಕೆ?" ಎಂದ. ವಿಚಾರಿಸುತ್ತಾನಂತೆ. ಡಿಸೆಂಬರಿಗೆ ಊರಿಗೆ ಟಿಕೆಟ್ಟಿದೆ.