ಖೀವಾದ ಹಳೇ ಕಂಬಗಳು

ಮಣ್ಣಿನ ಗೋಡೆಗೆ ಬಾಳಿಕೆ ಇಲ್ಲ ಅನ್ನುವುದು ಊರಲ್ಲಿ ಎಲ್ಲರ ಮಾತು. ಮಳೆಗಾಲದಲ್ಲಿ ‘ಮನೆ ಕುಸಿತ’ದ ಸುದ್ದಿ ಕಳಿಸುವಾಗ ನಾನೂ ಇದನ್ನು ಕೇಳುತ್ತಲೇ ಇರುತ್ತೇನೆ. ಆಗೆಲ್ಲ ನೆನಪಾಗುವುದು ಉಜ್ಬೇಕಿಸ್ತಾನದ ಖೀವಾ. ಅಲ್ಲಿಗೆ ಹೋದವನಲ್ಲ, ಓದಿ, ಚಿತ್ರ ನೋಡಿ ಹಚ್ಚಿಕೊಂಡ ಊರು ಅದು.

ಇರಾನಿನ ಕಡೆ ಹೊರಟ ಒಂಟೆ ಸಾಲುಗಳಿಗೆ ಮರುಭೂಮಿ ದಾಟುವ ಮುಂಚಿನ ಕೊನೆಯ ತಂಗುದಾಣ ಖೀವಾ. ಒಳಕೋಟೆಯ ಹೆಸರು ಇಚಾನ್ ಕಲಾ. ಸುತ್ತ ಎರಡು ಕಿಲೋಮೀಟರಿಗೂ ಉದ್ದದ ಗೋಡೆ, ಎತ್ತರ ಸುಮಾರು 10 ಮೀಟರ್. ಕಲ್ಲಿನದಲ್ಲ, ಸುಡದ ಮಣ್ಣಿನ ಇಟ್ಟಿಗೆಯದು. ಅದರ ಮೇಲೆ ಒಣಹುಲ್ಲು ಬೆರೆಸಿದ ಮಣ್ಣು ಮೆತ್ತಿದ್ದಾರೆ. 1740ರಲ್ಲಿ ಇರಾನಿನ ನಾದಿರ್ ಶಾ ಈ ಊರನ್ನು ಗೆದ್ದ. ಯುದ್ಧಗಳಲ್ಲಿ ಹಾಳಾದಾಗೆಲ್ಲ ಗೋಡೆಯನ್ನು ಮತ್ತೆ ಕಟ್ಟಿದ್ದಾರೆ. ಒಳಗೆ ಇಂದಿಗೂ ಸಂಸಾರಗಳಿವೆ. 1990ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಪ್ರವಾಸಿಗರು ಫೋಟೋ ತೆಗೆಯುವುದು ನೀಲಿ ಹೆಂಚಿನ ಮೊಂಡು ಗೋಪುರ ಕಾಲ್ತಾ ಮಿನಾರನ್ನು. ಕಟ್ಟಿಸುತ್ತಿದ್ದ ಖಾನ್ 1855ರಲ್ಲಿ ಯುದ್ಧದಲ್ಲಿ ಸತ್ತ. ಗೋಪುರ ಅಲ್ಲಿಗೇ ನಿಂತಿತು.

ನನ್ನ ಮನಸ್ಸು ನಿಲ್ಲುವುದು ಜುಮಾ ಮಸೀದಿಯಲ್ಲಿ. ಗುಮ್ಮಟವಿಲ್ಲ, ಚಪ್ಪಟೆ ಮಾಳಿಗೆ. ಅದನ್ನು ಹೊತ್ತದ್ದು 200ಕ್ಕೂ ಹೆಚ್ಚು ಮರದ ಕಂಬಗಳು. ಮಾಳಿಗೆಯ ಬೆಳಕಿಂಡಿಯಿಂದ ಬಿಸಿಲು ಇಳಿಯುತ್ತದೆ. ಈಗಿನ ಕಟ್ಟಡ 18ನೇ ಶತಮಾನದ ಕೊನೆಯದು, ಆದರೆ ಕೆಲವು ಕಂಬಗಳು ಸಾವಿರ ವರ್ಷದಷ್ಟು ಹಳೆಯವು. ಹಳೇ ಕಟ್ಟಡಗಳ ಕಂಬಗಳನ್ನು ತಂದು ಹೊಸದರಲ್ಲಿ ನಿಲ್ಲಿಸಿದ್ದಾರೆ. ಅದಕ್ಕೇ ಎಲ್ಲದರ ಕೆತ್ತನೆ ಒಂದೇ ತರಹ ಇಲ್ಲ.

ಖೀವಾದಲ್ಲಿ ಮಳೆ ತೀರಾ ಕಡಿಮೆ, ನಮ್ಮಲ್ಲಿ ಹಾಗಲ್ಲ. ಅಲ್ಲೂ ನೆಲದ ತೇವ, ಉಪ್ಪು ಗೋಡೆಯ ಬುಡ ತಿನ್ನುತ್ತವೆ. ಆಗಾಗ ಮೆತ್ತದಿದ್ದರೆ ಮಣ್ಣು ಉದುರುತ್ತದೆ. ಮಣ್ಣು ತಾನಾಗಿ ಬಾಳುವುದಿಲ್ಲ, ಕೈ ಆಡಿಸುವವರಿದ್ದರೆ ಬಾಳುತ್ತದೆ. ನಮ್ಮ ಮಾಳಿಗೆ ಮನೆಗೂ ಅಪ್ಪ ಇರುವತನಕ ವರ್ಷಾ ವರ್ಷಾ ಸವಳು ಮಣ್ಣು ಬೀಳುತ್ತಿತ್ತು. ಈಗ ಆ ಕೆಲಸ ಬಲ್ಲ ಆಳು ಸಿಗುವುದಿಲ್ಲ. ಜೋರು ಮಳೆಯ ರಾತ್ರಿ ಅವ್ವ ಕೂತೇ ಬೆಳಗು ಮಾಡುತ್ತಾಳೆ.

ಮನೆ ಕೆಡವೋಣ ಅನ್ನುತ್ತಾನೆ ಅಣ್ಣ. ಅವ್ವನ ನಿದ್ದೆಗಿಂತ ಗೋಡೆ ದೊಡ್ಡದಲ್ಲ, ನಾನು ಬೇಡ ಅನ್ನಲಿಲ್ಲ. ಕೇಳಿದ್ದು ಒಂದೇ: ಪಡಸಾಲೆಯ ನಾಲ್ಕು ತೇಗದ ಕಂಬ ಹಳೇ ಕಟ್ಟಿಗೆ ವ್ಯಾಪಾರಿಗೆ ಹೋಗಬಾರದು, ಹೊಸ ಮನೆಯಲ್ಲಿ ನಿಲ್ಲಬೇಕು. ಫೋನಿನಲ್ಲಿ ಜುಮಾ ಮಸೀದಿಯ ಚಿತ್ರ ತೋರಿಸಿದೆ.

ಅಣ್ಣ ನೋಡಿ ಹೇಳಿದ: “ಮೊದಲ ನಮ್ಮ ಕಂಬದ ಬುಡ ನೋಡು, ಗೆದ್ದಲ ಹತ್ತೈತೇನು.”

ಈ ಭಾನುವಾರ ಇಬ್ಬರೂ ಕೂಡಿ ನೋಡುತ್ತೇವೆ.