ತೊಟ್ಟಿಲು ತೂಗಿದವಳು

ಈ ಬರಹದಲ್ಲಿ ‘ನಾವು’ ಎಂದರೆ ಗಂಡಹೆಂಡಿರಿಬ್ಬರೂ ಎಂದು ಮೊದಲೇ ಅರಿಕೆ ಮಾಡಿಕೊಳ್ಳುತ್ತೇವೆ. ಬರೆಯುವ ಕೈ ಒಂದೇ ಆದರೂ ಹೇಳಬೇಕಾದ ತಪ್ಪಿನಲ್ಲಿ ಇಬ್ಬರಿಗೂ ಸಮಪಾಲು ಉಂಟು. ಒಬ್ಬರೇ ಹೊತ್ತುಕೊಳ್ಳುವುದು ನ್ಯಾಯವಲ್ಲ. ಒಬ್ಬರೇ ಜಾರಿಕೊಳ್ಳುವುದಂತೂ ಸಲ್ಲದು.

ಈಚೆಗೆ ಪುಣೆಯಲ್ಲಿ ಮಗಳ ಮನೆಯಲ್ಲಿ ಒಂದು ತಿಂಗಳಿದ್ದು ಬಂದೆವು. ಮಗಳು, ಅಳಿಯ ಇಬ್ಬರೂ ಕೆಲಸಕ್ಕೆ ಹೋಗುವವರು. ಹತ್ತು ತಿಂಗಳ ಮೊಮ್ಮಗನನ್ನು ನೋಡಿಕೊಳ್ಳಲು ಒಬ್ಬ ಹೆಂಗಸು ಬೆಳಿಗ್ಗೆ ಎಂಟಕ್ಕೆ ಬಂದು ಸಂಜೆ ಏಳಕ್ಕೆ ಹೋಗುತ್ತಾಳೆ. ನಡುಮನೆಯ ಗೋಡೆಯ ಮೇಲೆ ಕೋಳಿಮೊಟ್ಟೆಯಷ್ಟು ದೊಡ್ಡದೊಂದು ಕ್ಯಾಮೆರಾ. ಮಗಳು ಕಚೇರಿಯಲ್ಲಿ ಕುಳಿತೇ ಫೋನಿನಲ್ಲಿ ಮನೆಯನ್ನು ನೋಡುತ್ತಾಳೆ. ನಮ್ಮನ್ನೂ ನೋಡುತ್ತಿದ್ದಳೆಂದು ಕಾಣುತ್ತದೆ. ಕೊಡಬಾರದೆಂದು ಕಟ್ಟಪ್ಪಣೆಯಾಗಿದ್ದ ಮೈಸೂರುಪಾಕಿನ ಚೂರೊಂದನ್ನು ನಾವು ಮೊಮ್ಮಗನ ತುಟಿಗೆ ಮುಟ್ಟಿಸಿದ ಐದೇ ನಿಮಿಷಕ್ಕೆ ಫೋನು ಬಂತು!

ಒಂದು ಶನಿವಾರ ರಾತ್ರಿ, ಊಟವಾಗಿ ಮಗು ಮಲಗಿದ ಮೇಲೆ, ಅಳಿಯ ಬಂದು, “ಮಾವ, ಒಂದು ಭಯದ ಚಿತ್ರ ಬಂದಿದೆ. ಹಳೆಯದನ್ನೇ ಹೊಸದಾಗಿ ತೆಗೆದಿದ್ದಾರಂತೆ. ಅತ್ತೆಯವರೂ ನೋಡಲಿ” ಎಂದು ಟಿ.ವಿ. ಹಾಕಿದ. ಪರದೆಯ ಮೇಲೆ ಹೆಸರು ಮೂಡಿತು: ‘ದಿ ಹ್ಯಾಂಡ್ ದಟ್ ರಾಕ್ಸ್ ದಿ ಕ್ರೇಡಲ್’. ಅಂದರೆ ತೊಟ್ಟಿಲು ತೂಗುವ ಕೈ. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಅದೇ ಹೆಸರಿನ ಹಳೆಯ ಚಿತ್ರವನ್ನು 1993ರಲ್ಲಿ ನೋಡಿದ್ದೆವು. ಆಮೇಲೆ ಆ ಹೆಸರನ್ನು ನಮ್ಮ ಮನೆಯಲ್ಲಿ ಯಾರೂ ಎತ್ತಿದ್ದಿಲ್ಲ.

ಮೊದಲು ಆ ಹಳೆಯ ಚಿತ್ರದ ಕಥೆಯನ್ನು ಹೇಳಿಬಿಡುತ್ತೇವೆ. ಅದು 1992ರ ಜನವರಿಯಲ್ಲಿ ಅಮೆರಿಕದಲ್ಲಿ ತೆರೆಕಂಡದ್ದು. ಕಥೆ ಬರೆದವರು ಅಮಾಂಡಾ ಸಿಲ್ವರ್, ನಿರ್ದೇಶಿಸಿದವರು ಕರ್ಟಿಸ್ ಹ್ಯಾನ್ಸನ್. ಸಿಯಾಟಲ್ ನಗರದಲ್ಲಿ ಕ್ಲೇರ್ ಎಂಬ ಬಸುರಿ ಹೆಂಗಸು. ಪರೀಕ್ಷೆಯ ನೆಪದಲ್ಲಿ ವೈದ್ಯನೊಬ್ಬ ಆಕೆಯೊಡನೆ ಅಸಭ್ಯವಾಗಿ ನಡೆದುಕೊಳ್ಳುತ್ತಾನೆ. ಆಕೆ ದೂರು ಕೊಡುತ್ತಾಳೆ. ಇನ್ನೂ ಹಲವು ಹೆಂಗಸರು ಮುಂದೆ ಬಂದು ಅದೇ ದೂರು ಹೇಳುತ್ತಾರೆ. ವೈದ್ಯ ಗುಂಡು ಹಾರಿಸಿಕೊಂಡು ಸಾಯುತ್ತಾನೆ. ಅವನ ಹೆಂಡತಿಯೂ ಬಸುರಿ. ಗಂಡ ಹೋದ, ಹಣ ಹೋಯಿತು, ಆ ಆಘಾತದಲ್ಲಿ ಹೊಟ್ಟೆಯ ಕೂಸೂ ಹೋಯಿತು. ಮತ್ತೆ ತಾಯಾಗುವ ಆಸೆಯೂ ಉಳಿಯಲಿಲ್ಲ. ಆರು ತಿಂಗಳ ಮೇಲೆ ಅವಳು ಪೇಟನ್ ಎಂದು ಹೆಸರು ಬದಲಾಯಿಸಿಕೊಂಡು, ನಗುಮುಖದ ದಾದಿಯಾಗಿ ಕ್ಲೇರ್‌ಳ ಮನೆಯ ಬಾಗಿಲಿಗೆ ಬಂದು ನಿಲ್ಲುತ್ತಾಳೆ.

ಅಲ್ಲಿಂದ ಮುಂದೆ ಕಥೆ ಗೆದ್ದಲು ಹಿಡಿದಂತೆ ಸಾಗುತ್ತದೆ. ರಾತ್ರಿ ಎಲ್ಲರೂ ಮಲಗಿದಾಗ ಅವಳು ಕ್ಲೇರ್‌ಳ ಕೂಸಿಗೆ ತಾನೇ ಹಾಲೂಡಿಸುತ್ತಾಳೆ. ಕೂಸು ತಾಯಿಯ ಹಾಲನ್ನು ಒಲ್ಲೆನೆನ್ನುತ್ತದೆ. ದೊಡ್ಡ ಮಗಳ ಮನಸ್ಸನ್ನು ತನ್ನ ಕಡೆ ಒಲಿಸಿಕೊಳ್ಳುತ್ತಾಳೆ. ಗಂಡನ ಮುಖ್ಯವಾದ ಕಾಗದಗಳನ್ನು ಹರಿದು ಹಾಕಿ, ಕಳೆದವಳು ಕ್ಲೇರ್ ಎಂಬಂತೆ ಮಾಡುತ್ತಾಳೆ. ಕ್ಲೇರ್ ಉಬ್ಬಸದ ರೋಗಿ. ಆಕೆಯ ಔಷಧಿಯ ಡಬ್ಬಿಗಳನ್ನು ಬರಿದು ಮಾಡಿಡುತ್ತಾಳೆ. ಹಿತ್ತಿಲಲ್ಲಿ ನಮ್ಮ ಲಾಲ್‌ಬಾಗಿನದರ ಮರಿಯಂತಹ ಒಂದು ಗಾಜಿನ ಮನೆ. ಅದನ್ನೂ ಸಾವಿನ ಬಲೆಯಾಗಿ ಮಾಡುತ್ತಾಳೆ. ಆ ವೇಷದಲ್ಲಿ ರೆಬೆಕಾ ಡಿ ಮಾರ್ನೆ ನಗುವುದನ್ನು ನೋಡಿದರೆ, ಬೈದರೆ ಇಷ್ಟು ಹೆದರಿಕೆಯಾಗುತ್ತಿರಲಿಲ್ಲ ಎನ್ನಿಸುತ್ತದೆ.

ನಮ್ಮ ಹಿಂದಿಯವರೂ ಸುಮ್ಮನಿರಲಿಲ್ಲ. 1993ರಲ್ಲಿಯೇ ಸಾವನ್ ಕುಮಾರ್ ಅವರು ಇದೇ ಕಥೆಯನ್ನು ‘ಖಲ್‌ನಾಯಿಕಾ’ ಎಂದು ತೆಗೆದರು. ಜಿತೇಂದ್ರ, ಜಯಪ್ರದಾ, ಅನು ಅಗರ್‌ವಾಲ್ ಅದರಲ್ಲಿದ್ದರು. ಅದೇ ವರ್ಷ ‘ಖಳ್‌ನಾಯಕ್’ ಎಂಬ ಬೇರೊಂದು ಚಿತ್ರದ ಗದ್ದಲವೂ ಇದ್ದುದರಿಂದ ಜನ ಒಂದಕ್ಕೆ ಇನ್ನೊಂದನ್ನು ಹೇಳುತ್ತಿದ್ದರು. ಈಗ ಅಮೆರಿಕದವರೇ 2025ರ ಅಕ್ಟೋಬರಿನಲ್ಲಿ ಮತ್ತೆ ತೆಗೆದಿದ್ದಾರೆ. ಮೆಕ್ಸಿಕೋ ದೇಶದ ಮಿಶೆಲ್ ಗಾರ್ಸಾ ಸೆರ್ವೆರಾ ಎಂಬಾಕೆ ಇದರ ನಿರ್ದೇಶಕಿ. ಮೇರಿ ಎಲಿಝಬೆತ್ ವಿನ್‌ಸ್ಟೆಡ್ ತಾಯಿ, ಮೈಕಾ ಮನ್ರೋ ದಾದಿ. ಊರು ಲಾಸ್ ಏಂಜಲೀಸ್. ವೈದ್ಯನ ಸಂಗತಿ ಇಲ್ಲಿ ಇಲ್ಲ. ಹಗೆಯ ಬೇರು ಬಾಲ್ಯದ ಒಂದು ಹಳೆಯ ಗಾಯದಲ್ಲಿದೆ. ಆದರೆ ಮನೆಯೊಳಕ್ಕೆ ಬಂದವಳನ್ನು ತಾಯಿ ಶಂಕಿಸುವುದು, ತಾಯಿಯ ಮಾತನ್ನು ಮನೆಯವರು ನಂಬದಿರುವುದು, ಇವೆರಡೂ ಹಾಗೆಯೇ ಇವೆ.

ನಮ್ಮ ದೇಶದವರಿಗೆ ಇದು ಹೊಸ ಕಥೆಯೇನೂ ಅಲ್ಲ. ಭಾಗವತದ ಪೂತನಿ ಗೋಕುಲಕ್ಕೆ ಬಂದದ್ದು ಹೀಗೆಯೇ ಅಲ್ಲವೆ? ಚೆಲುವೆಯ ರೂಪ, ನಗುಮುಖ, ಎದೆಯಲ್ಲಿ ವಿಷ. ಯಶೋದೆಯೂ ರೋಹಿಣಿಯೂ ಅವಳ ತೇಜಸ್ಸನ್ನು ಕಂಡು ಬೆರಗಾಗಿ ಸುಮ್ಮನೆ ನಿಂತರು. ಒಂದೇ ವ್ಯತ್ಯಾಸ. ಅಮೆರಿಕದ ಕಥೆ ದಾದಿಯ ಸಾವಿನೊಡನೆ ಮುಗಿಯುತ್ತದೆ. ಭಾಗವತ ಅಲ್ಲಿಗೆ ಮುಗಿಸುವುದಿಲ್ಲ. ಗೋಪರು ಪೂತನಿಯ ದೇಹವನ್ನು ಸುಟ್ಟಾಗ ಅಗುರುವಿನ ಪರಿಮಳ ಎದ್ದಿತೆಂದೂ, ಕೊಲ್ಲಲು ಬಂದವಳಾದರೂ ಎದೆಹಾಲು ಕೊಟ್ಟಳೆಂಬ ಒಂದೇ ಕಾರಣಕ್ಕೆ ಅವಳಿಗೆ ತಾಯಿಗೆ ಸಲ್ಲುವ ಗತಿ ದೊರಕಿತೆಂದೂ ಹೇಳುತ್ತದೆ. ಅಜ್ಜಿಯ ಬಾಯಲ್ಲಿ ಈ ಕಥೆಯನ್ನು ನೂರು ಸಲ ಕೇಳಿದ್ದೆವು. ಕೇಳಿದ್ದು ಬೇಕಾದ ಹೊತ್ತಿಗೆ ಒದಗಲಿಲ್ಲ.

ಈಗ ನಮ್ಮ ಕಥೆ. ಆಗ ನಾವು ಡೊಂಬಿವಲಿಯಲ್ಲಿದ್ದೆವು. ಇಬ್ಬರಿಗೂ ಕೋಟೆ ಭಾಗದಲ್ಲಿ ನೌಕರಿ. ಬೆಳಗಿನ ಲೋಕಲ್ ಹಿಡಿದರೆ ಮನೆ ಸೇರುವುದು ದೀಪ ಹಚ್ಚಿದ ಮೇಲೆಯೇ. ಮಗಳು ಹುಟ್ಟಿದ್ದು 1992ರ ಆರಂಭದಲ್ಲಿ. ಕುಂದಾಪುರದಿಂದ ಅತ್ತೆ ಬಂದು ಮಗುವಿಗೆ ವರ್ಷ ತುಂಬುವವರೆಗೆ ಇದ್ದರು. ಮಾವನವರಿಗೆ ಮೈ ಸರಿಯಿಲ್ಲವೆಂದು ಕಾಗದ ಬಂತು, ಹೊರಟುಹೋದರು. ಕಟ್ಟಡದ ಕೆಳಗೆ ಹೂ ಮಾರುವವಳು ಕೊಂಕಣದ ಕಡೆಯ ಒಬ್ಬ ಹೆಂಗಸನ್ನು ತಂದು ಬಿಟ್ಟಳು. ಎಲ್ಲರಂತೆ ನಾವೂ ಅವಳನ್ನು ಮಾವಶಿ ಎಂದು ಕರೆದೆವು. ಮಾವಶಿ ಎಂದರೆ ತಾಯಿಯ ಅಕ್ಕ ಅಥವಾ ತಂಗಿ, ನಮ್ಮ ಭಾಷೆಯ ದೊಡ್ಡಮ್ಮ ಅಥವಾ ಚಿಕ್ಕಮ್ಮ.

ಅದು 1993ರ ಮಾರ್ಚ್. ಜನವರಿಯ ಗಲಭೆಯ ಬೂದಿ ಆರುವ ಮುನ್ನವೇ 12ನೆಯ ತಾರೀಖು ಬಾಂಬುಗಳು ಸಿಡಿದಿದ್ದವು. ಲೋಕಲ್‌ನಲ್ಲಿ ಪಕ್ಕದವನ ಚೀಲವನ್ನು ಕಂಡರೆ ಎದೆ ಹಾರುತ್ತಿದ್ದ ಕಾಲ. ಮನೆಯಲ್ಲಿ ಮಗು ಮಾತ್ರ ನಿಶ್ಚಿಂತೆಯಿಂದ ಬೆಳೆಯುತ್ತಿತ್ತು. ‘ನೀರು’ ಎನ್ನುತ್ತಿದ್ದದ್ದು ‘ಪಾಣಿ’ ಎನ್ನತೊಡಗಿತು. ಚಂದಮಾಮ ಹೋಗಿ ಚಾಂದೋಬಾ ಬಂದ. ಸಂಜೆ ನಾವು ಬಂದು ಕೈ ಚಾಚಿದರೆ ಮಾವಶಿಯ ಹೆಗಲಿನಿಂದ ಇಳಿಯಲು ಒಪ್ಪುತ್ತಿರಲಿಲ್ಲ. ನಾವು ನಕ್ಕೆವು. ಆ ನಗೆ ಪೂರ್ತಿ ನಗೆಯಾಗಿರಲಿಲ್ಲ ಎಂಬುದನ್ನು ಈಗ ಒಪ್ಪಿಕೊಳ್ಳುತ್ತೇವೆ.

ಜೂನ್ ತಿಂಗಳಲ್ಲಿ ನೆರೆಯವರು ಬಾಡಿಗೆಗೆ ತಂದ ಕ್ಯಾಸೆಟ್ಟಿನಲ್ಲಿ ಆ ಚಿತ್ರವನ್ನು ನೋಡಿದೆವು. ನೋಡಿ ಬಂದ ರಾತ್ರಿ ನಿದ್ರೆ ಹತ್ತಲಿಲ್ಲ. ಮಾರನೆಯ ದಿನದಿಂದ ಮಾವಶಿಯ ಒಂದೊಂದು ನಡೆಯೂ ಬೇರೆಯಾಗಿ ಕಾಣತೊಡಗಿತು. ಮಧ್ಯಾಹ್ನ ಮಗು ಏಕೆ ಅಷ್ಟು ಹೊತ್ತು ಮಲಗುತ್ತದೆ? ದಾದಿಯರು ಅಫೀಮು ತಿನ್ನಿಸುವುದುಂಟು ಎಂದು ಯಾರೋ ಹೇಳಿದರು. ನಾವು ಒಳಗೆ ಬಂದೊಡನೆ ಹಾಡನ್ನು ಏಕೆ ನಿಲ್ಲಿಸುತ್ತಾಳೆ? ಸಂಕೋಚದಿಂದ ಎಂದು ನಮಗೆ ಹೊಳೆಯಲಿಲ್ಲ.

ಜುಲೈಯಲ್ಲಿ ಒಂದು ದಿನ ಮಳೆ ಜೋರಾದೀತೆಂದು ಕಚೇರಿಗಳನ್ನು ಬೇಗ ಬಿಟ್ಟರು. ಇಬ್ಬರೂ ಒಂದೇ ಗಾಡಿಯಲ್ಲಿ ಮೂರು ಗಂಟೆಗೆ ಮನೆ ಸೇರಿದೆವು. ಸದ್ದಾಗದಂತೆ ಬೀಗದ ಕೈ ತಿರುಗಿಸಿದೆವು. ಸದ್ದಾಗದಂತೆ ಏಕೆ ತಿರುಗಿಸಿದೆವು ಎಂದು ಕೇಳಬೇಡಿ. ಒಳಗೆ ಮಾವಶಿ ಗೋಡೆಗೊರಗಿ ಕುಳಿತಿದ್ದಳು. ಮಗು ಅವಳ ಸೆರಗಿನ ಮರೆಯಲ್ಲಿ ಎದೆಗೆ ಬಾಯಿಟ್ಟು ಕಣ್ಣು ಮುಚ್ಚಿಕೊಂಡಿತ್ತು.

ಚಿತ್ರದ ದೃಶ್ಯವೇ ಎದುರಿಗೆ ಬಂದು ನಿಂತಂತಾಯಿತು. ಮಗುವನ್ನು ಕಿತ್ತುಕೊಂಡೆವು. ಆಡಬಾರದ ಮಾತುಗಳನ್ನು ಆಡಿದೆವು. “ಮಗುವಿಗೆ ಜ್ವರ. ಬಾಟಲಿ ಮುಟ್ಟಲಿಲ್ಲ, ಅಳು ನಿಲ್ಲಲಿಲ್ಲ” ಎಂದಷ್ಟೇ ಅವಳು ಹೇಳಿದಳು. ಮುಟ್ಟಿ ನೋಡಿದರೆ ಮೈ ಸುಡುತ್ತಿದ್ದುದು ನಿಜ. ಆದರೂ ಆ ತಿಂಗಳ ಸಂಬಳ ಕೊಟ್ಟು, ನಾಳೆಯಿಂದ ಬರಬೇಡ ಎಂದೆವು. ಅವಳು ಎಣಿಸಲಿಲ್ಲ. ಬಾಟಲಿ ತೊಳೆದು ಬೋರಲು ಹಾಕಿದಳು. ಬಾಗಿಲ ಹತ್ತಿರ ನಿಂತು, “ಡಾಕ್ಟರ ಔಷಧಿ ಎರಡು ಗಂಟೆಗೆ ಕೊಟ್ಟಿದ್ದೇನೆ, ಆರಕ್ಕೆ ಇನ್ನೊಂದು ಚಮಚ ಕೊಡಿ” ಎಂದು ಹೇಳಿ ಮಳೆಯಲ್ಲಿ ಇಳಿದು ಹೋದಳು.

ಜ್ವರ ಮೂರು ದಿನ ಇತ್ತು. ಮೂರು ದಿನವೂ ಮಗು ಬಾಗಿಲ ಕಡೆ ನೋಡಿ ಅತ್ತಿತು. ನಾಲ್ಕನೆಯ ದಿನ ಹೂವಿನವಳು ಕೇಳದಿದ್ದರೂ ಹೇಳಿದಳು: ಮಾವಶಿಗೆ ಎಂಟು ತಿಂಗಳ ಹಸುಗೂಸು ಇತ್ತಂತೆ. ಅದನ್ನು ಊರಿನಲ್ಲಿ ಅಜ್ಜಿಯ ಕೈಗೆ ಕೊಟ್ಟು, ಹಾಲು ಬಿಡಿಸಿ, ನಮ್ಮ ಮಗುವನ್ನು ನೋಡಿಕೊಳ್ಳಲು ಬಂದಿದ್ದಳಂತೆ. ಎದೆಯಲ್ಲಿ ಹಾಲು ಇನ್ನೂ ಪೂರ್ತಿ ಬತ್ತಿರಲಿಲ್ಲವಂತೆ. ಕೇಳಿದವರೇ ಅವಳ ಚಾಳಿಗೆ ಓಡಿದೆವು. ಹಿಂದಿನ ದಿನವೇ ಊರಿಗೆ ಹೋಗಿದ್ದಳು.

ಹೇಳದೆ ಕೇಳದೆ ಬೇರೊಬ್ಬರ ಮಗುವಿಗೆ ಎದೆಯೂಡಿಸಿದ್ದು ಸರಿಯೆಂದು ನಾವು ಹೇಳುತ್ತಿಲ್ಲ. ಅವಳು ಕೇಳಬೇಕಿತ್ತು. ನಾವೂ ಕೇಳಬೇಕಿತ್ತು.

ಆ ಚಿತ್ರದಲ್ಲಿ ಸಾಲೊಮನ್ ಎಂಬ ಒಬ್ಬನಿದ್ದಾನೆ. ಅರ್ನಿ ಹಡ್ಸನ್ ಎಂಬ ನಟ ಆ ಪಾತ್ರ ಮಾಡಿದ್ದಾರೆ. ಬುದ್ಧಿ ಅಷ್ಟಾಗಿ ಬಲಿಯದ ಸಾಧು ಮನುಷ್ಯ, ಮನೆಗೆ ಬೇಲಿ ಹಾಕಲು ಬಂದವನು. ದಾದಿ ಕೂಸಿಗೆ ಹಾಲೂಡಿಸುವುದನ್ನು ಕಂಡವನು ಅವನೊಬ್ಬನೇ. ಅವನ ಪೆಟ್ಟಿಗೆಯಲ್ಲಿ ಮಗುವಿನ ಬಟ್ಟೆಯೊಂದನ್ನು ಬಚ್ಚಿಟ್ಟು, ಅವನೇ ನೀಚನೆಂದು ನಂಬಿಸಿ ಅವಳು ಅವನನ್ನು ಓಡಿಸುತ್ತಾಳೆ. ಕೊನೆಗೆ ಮಕ್ಕಳನ್ನು ಕಾಯಲು ಬರುವವನೂ ಅವನೇ. ಆ ದಾದಿ ಬಿದ್ದು ಸಾಯುವುದೂ ಅವನು ಹಾಕಿದ ಬೇಲಿಯ ಮೇಲೆಯೇ. ಮನೆಯವರು ಅವನನ್ನು ಮರಳಿ ಕರೆದುಕೊಳ್ಳುತ್ತಾರೆ. ಚಿತ್ರ ನೋಡಿದ ನಾವು ನಮ್ಮ ಮನೆಯಲ್ಲಿ ಪೇಟನ್‌ಳನ್ನು ಹುಡುಕಿದೆವು. ನಮ್ಮ ಮನೆಯಲ್ಲಿ ಇದ್ದದ್ದು ಸಾಲೊಮನ್. ಅವನಂತೆ ಮಾವಶಿ ಮರಳಿ ಬರಲಿಲ್ಲ.

ಪುಣೆಯಲ್ಲಿ ಹೊಸ ಚಿತ್ರ ಮುಗಿದಾಗ ಮಗಳು, “ಅಮ್ಮ, ನಾಳೆ ನಮ್ಮ ಬಾಯಿಯ ಕಾಗದಪತ್ರ ಇನ್ನೊಮ್ಮೆ ನೋಡಬೇಕು” ಎಂದು ಅರ್ಧ ನಗುತ್ತ ಎಂದಳು. ಆ ಅರ್ಧ ನಗೆ ನಮಗೆ ಚೆನ್ನಾಗಿ ಪರಿಚಯವಿದ್ದದ್ದು. ಅಂದು ರಾತ್ರಿ ಇದೆಲ್ಲವನ್ನೂ ಅವಳಿಗೆ ಮೊದಲ ಸಲ ಹೇಳಿದೆವು. ಅವಳು ಬಹಳ ಹೊತ್ತು ಸುಮ್ಮನಿದ್ದು ಕೇಳಿದಳು: “ಅವರ ಹೆಸರೇನು?”

ನಮಗೆ ಗೊತ್ತಿರಲಿಲ್ಲ. ನಾಲ್ಕು ತಿಂಗಳು ನಮ್ಮ ಮನೆಯ ಬೀಗದ ಕೈ ಅವಳ ಸೆರಗಿನ ಗಂಟಿನಲ್ಲಿತ್ತು, ನಮ್ಮ ಮಗು ಅವಳ ಮಡಿಲಿನಲ್ಲಿತ್ತು. ಹೆಸರನ್ನು ನಾವು ಕೇಳಿರಲಿಲ್ಲ. ಚಾಳಿಗೆ ಓಡಿದ ದಿನವೂ ‘ಮಾವಶಿ ಎಲ್ಲಿ’ ಎಂದೇ ಕೇಳಿದ್ದೆವು.

ಕಾಗದಪತ್ರ ನೋಡಬೇಡಿ, ಕ್ಯಾಮೆರಾ ಕಿತ್ತುಹಾಕಿ ಎಂದು ನಾವು ಯಾರಿಗೂ ಹೇಳುವುದಿಲ್ಲ. ಪರಊರಿನಲ್ಲಿ, ಹಿರಿಯರಿಲ್ಲದ ಮನೆಯಲ್ಲಿ, ಎಳೆಗೂಸನ್ನು ಬಿಟ್ಟು ಹೋಗುವ ತಾಯಿಯ ಹೊಟ್ಟೆಯ ಸಂಕಟ ನಮಗೆ ಗೊತ್ತು. ಆದರೆ ಆ ಬಾಗಿಲನ್ನು ತೆರೆದು ಒಳಗೆ ಬರುವವಳೂ ಒಂದು ಎಳೆಗೂಸನ್ನು ಎಲ್ಲೋ ಬಿಟ್ಟು ಬಂದಿರಬಹುದು.

ಮರುದಿನ ಭಾನುವಾರವಾದರೂ ಆಕೆ ಎಂಟಕ್ಕೇ ಬಂದಳು. ಮಗಳು ಚಹಾ ಕೊಟ್ಟು, ಕೂರಿಸಿ, ಮಕ್ಕಳೆಷ್ಟು ಎಂದು ಕೇಳಿದಳು. ಆಕೆ ಉತ್ತರ ಹೇಳುವ ಮುನ್ನ ಒಮ್ಮೆ ಗೋಡೆಯ ಮೇಲಿನ ಕ್ಯಾಮೆರಾವನ್ನು ನೋಡಿದಳು. ಆಮೇಲೆ ಒಬ್ಬ ಮಗನಿದ್ದಾನೆ, ಊರಿನಲ್ಲಿ ಅಜ್ಜಿಯ ಹತ್ತಿರ ಇದ್ದಾನೆ ಎಂದಳು. ಅವನ ವಿಷಯ ಹೇಳುತ್ತ ಹೇಳುತ್ತ ಚಹಾ ಆರಿಹೋಯಿತು. ಮಗಳು ಎದ್ದು ಬಿಸಿ ಮಾಡಿಕೊಟ್ಟಳು.