ಒಂದೇ ಚೆಂಡು, ಇಬ್ಬರ ಪಾಡು

ಗಾಲ್ಫ್‌ನಲ್ಲಿ ಯಾರೂ ಯಾರಿಗೂ ಪಾಸ್ ಕೊಡುವುದಿಲ್ಲ. ನಮ್ಮಂಥವರ ಭಾನುವಾರದ ಆಟದಲ್ಲಂತೂ ಕ್ಯಾಚ್ ಬಿಟ್ಟವನನ್ನು ಬೈಯುವ ಸುಖವಿಲ್ಲ, ತಪ್ಪನ್ನು ಅಂಪೈರ್ ತಲೆಗೆ ಕಟ್ಟೋಣವೆಂದರೆ ಅಂಪೈರೇ ಇಲ್ಲ. ನಾಲ್ಕೈದು ಗಂಟೆಯ ನಡಿಗೆ, ನಿಮ್ಮ ಚೆಂಡು, ನಿಮ್ಮ ಪೊದೆ, ನಿಮ್ಮ ಹಣೆಬರಹ. ಇಂಥ ಒಂಟಿ ಆಟವನ್ನು ಹಿಡಿದು ತಂದು, ಹನ್ನೆರಡು ಜನಕ್ಕೆ ಒಂದೇ ಬಣ್ಣದ ಅಂಗಿ ತೊಡಿಸಿ, ಈಗ ಜೊತೆಯಾಗಿ ಆಡಿ ಎಂದರೆ ಏನಾಗುತ್ತದೆ? ಯುರೋಪ್ ಮತ್ತು ಅಮೆರಿಕ ತಂಡಗಳ ರೈಡರ್ ಕಪ್‌ನಲ್ಲಿ, 2021ರಲ್ಲಿ ವಿಸ್ಲಿಂಗ್ ಸ್ಟ್ರೇಟ್ಸ್‌ನಲ್ಲಿ ಯುರೋಪ್ 19-9ರಿಂದ ಮಕಾಡೆ ಮಲಗಿದ ದಿನ ಅದರ ಆಟಗಾರ ರೋರಿ ಮೆಕಿಲ್ರಾಯ್ ಟೀವಿ ಕ್ಯಾಮೆರಾ ಎದುರು ಗಳಗಳನೆ ಅತ್ತುಬಿಟ್ಟರು. ಆ ದಿನ ತಮ್ಮ ಪಂದ್ಯವನ್ನು ಅವರು ಗೆದ್ದಿದ್ದರು! ಸ್ವಂತ ಸೋಲಿಗೆ ಹಾಗೆ ಅತ್ತದ್ದನ್ನು ನಾನಂತೂ ಅಲ್ಲಿಯವರೆಗೆ ನೋಡಿರಲಿಲ್ಲ. ಮಿಕ್ಕ ದೊಡ್ಡ ಟೂರ್ನಿಗಳ ಫಲಿತಾಂಶವನ್ನು ಮರುದಿನದ ಪತ್ರಿಕೆಯಲ್ಲಿ ಓದಿ ಸುಮ್ಮನಿರಬಲ್ಲ ನಾನು, ರೈಡರ್ ಕಪ್ ಬಂತೆಂದರೆ ಶುಕ್ರವಾರದಿಂದಲೇ ಮನೆಯವರ ಕೈಗೆ ಸಿಗುವುದಿಲ್ಲ.

ಅದರಲ್ಲೂ ನನಗೆ ಹುಚ್ಚು ಇರುವುದು ಫೋರ್‌ಸಮ್ಸ್ ಮೇಲೆ. ಈಗಿನ ರೈಡರ್ ಕಪ್ ಎಂದರೆ ಮೂರು ದಿನಗಳಲ್ಲಿ 28 ಪಂದ್ಯ, 28 ಪಾಯಿಂಟ್. ಕೊನೆಯ ದಿನ ಹನ್ನೆರಡೂ ಜನ ಒಬ್ಬೊಬ್ಬರಾಗಿ ಕಾದಾಡುತ್ತಾರೆ. ಅದಕ್ಕೆ ಮೊದಲಿನ ಎರಡು ದಿನ ಜೋಡಿ ಆಟ. ಅರ್ಧ ಫೋರ್‌ಬಾಲ್, ಅರ್ಧ ಫೋರ್‌ಸಮ್ಸ್. ಫೋರ್‌ಬಾಲ್ ಸಲೀಸು. ಇಬ್ಬರೂ ತಂತಮ್ಮ ಚೆಂಡನ್ನು ಆಡುತ್ತಾರೆ, ಯಾರದು ಕಡಿಮೆ ಹೊಡೆತವೋ ಅದು ಲೆಕ್ಕಕ್ಕೆ. ಒಬ್ಬನ ಚೆಂಡು ಕೆರೆಗೆ ಬಿದ್ದರೂ ಇನ್ನೊಬ್ಬ ಕಾಪಾಡಬಹುದು. ಫೋರ್‌ಸಮ್ಸ್‌ನಲ್ಲಿ ಆ ಮಾತಿಲ್ಲ. ಇಬ್ಬರಿಗೂ ಸೇರಿ ಒಂದೇ ಚೆಂಡು, ಸರದಿಯ ಹೊಡೆತ. ಬೆಸ ಸಂಖ್ಯೆಯ ಹೋಲ್‌ಗಳಲ್ಲಿ ಟೀಯಿಂದ ಒಬ್ಬ ಹೊಡೆದರೆ ಸಮಸಂಖ್ಯೆಯವುಗಳಲ್ಲಿ ಇನ್ನೊಬ್ಬ. ನೀವು ಪೊದೆಗೆ ತಳ್ಳಿದ್ದನ್ನು ಅವನು ಬಗ್ಗಿ ತೆಗೆಯಬೇಕು. ಅವನು ಆರು ಅಡಿ ದಾಟಿಸಿಟ್ಟ ಪಟ್ಟನ್ನು ನೀವು ಕುಳಿಗೆ ಹಾಕಬೇಕು.

ತಾಳಮದ್ದಳೆ ಕೇಳಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಒಳ್ಳೆಯ ಅರ್ಥಧಾರಿ ತನ್ನ ಮಾತನ್ನು ಮುಗಿಸುವಾಗ ಎದುರಿನವನಿಗೆ ಎತ್ತಿಕೊಳ್ಳಲು ಒಂದು ಎಳೆ ಬಿಟ್ಟಿರುತ್ತಾನೆ. ಫೋರ್‌ಸಮ್ಸ್‌ನಲ್ಲೂ ಹೊಡೆತವೆಂದರೆ ಹಾಗೆ ಬಿಟ್ಟುಕೊಡುವ ಎಳೆಯೇ. ನಮ್ಮ ಕ್ಲಬ್ಬಿನಲ್ಲಿ ನನ್ನ ಜೋಡಿಗಾರರು ನಿವೃತ್ತ ಬ್ಯಾಂಕಿನವರು. ತೊಂಬತ್ತು ಗಜದಿಂದ ಹೊಡೆದರೆ ಚೆಂಡು ಸಾಕಿದ ಬೆಕ್ಕಿನಂತೆ ಗ್ರೀನ್ ಮೇಲೆ ಕೂರುತ್ತದೆ. ಐವತ್ತು ಗಜವೆಂದರೆ ಕೈ ನಡುಗುತ್ತದೆ. ಹಾಗಾಗಿ ಪಾರ್ ಐದರ ಹೋಲ್‌ನಲ್ಲಿ ನನ್ನ ಎರಡನೆಯ ಹೊಡೆತಕ್ಕೆ ಗ್ರೀನ್ ಹತ್ತಿರ ಹೋಗುವ ಆಸೆಯನ್ನು ಬಿಟ್ಟಿದ್ದೇನೆ. ಸಣ್ಣ ಕ್ಲಬ್ ಹಿಡಿದು, ಅವರ ತೊಂಬತ್ತು ಗಜ ಎಲ್ಲಿ ಬರುತ್ತದೋ ಅಲ್ಲಿಗೆ ಚೆಂಡನ್ನು ಕಳಿಸುತ್ತೇನೆ. ನೋಡುವವರಿಗೆ ಹೇಡಿಯ ಹೊಡೆತ. ಕ್ಯಾಡಿ ಒಬ್ಬನಿಗೆ ಗೊತ್ತು. 'ಸಾರ್, ಅಂಕಲ್‌ಗೆ ಕರೆಕ್ಟ್ ಪ್ಲೇಸ್' ಎಂದು ಬ್ಯಾಗ್ ಎತ್ತಿಕೊಂಡು ಮುಂದೆ ನಡೆಯುತ್ತಾನೆ. ಆ ಒಂದು ಸರ್ಟಿಫಿಕೇಟಿಗೆ ನಾನು ಎಷ್ಟು ಹಿಗ್ಗುತ್ತೇನೆಂದರೆ, ಒಬ್ಬನೇ ಆಡುವಾಗ ಬರ್ಡಿ ಮಾಡಿದರೂ ಅಷ್ಟಿಲ್ಲ.

ಈ ಆಟಕ್ಕೆ ಬರೆಯದ ಕಟ್ಟಳೆಯೊಂದಿದೆ: ಸಾರಿ ಹೇಳಕೂಡದು. ಹಳಬರು ಮೊದಲ ಟೀಯಲ್ಲೇ ಅದನ್ನು ಮಾತಾಡಿ ಮುಗಿಸುತ್ತಾರೆ. ಒಂದು ಸಾರಿ ಹೇಳಿದಿರೋ, ಮುಂದಿನ ಹೊಡೆತಕ್ಕೆ ಅದೂ ಭಾರ. ಕ್ಷಮೆ ಬೇಡುವವನನ್ನು ಸಮಾಧಾನ ಮಾಡುವ ಹೆಚ್ಚುವರಿ ಕೆಲಸ ಜೊತೆಗಾರನಿಗೆ. ನಮ್ಮ ಬ್ಯಾಂಕಿನವರಿಗೆ ಇದು ಬಲು ಕಷ್ಟ. ಬಾಯಲ್ಲಿ ಹೇಳುವುದಿಲ್ಲ ನಿಜ, ಟೋಪಿ ತೆಗೆದು ತಲೆ ಕೆರೆದುಕೊಳ್ಳುತ್ತಾರೆ. ಅದನ್ನು ನಾನು ನೋಡದವನಂತೆ ಇರಬೇಕು.

ಎರಡು ಮಹಾ ಪ್ರತಿಭೆಗಳನ್ನು ಕೂಡಿಸಿದರೆ ಮಹಾ ಜೋಡಿಯಾಗುತ್ತದೆ ಎಂದು ನಂಬುವವರಿಗೆ 2004ರ ರೈಡರ್ ಕಪ್ ನಡೆದ ಓಕ್‌ಲ್ಯಾಂಡ್ ಹಿಲ್ಸ್ ತೋರಿಸಬೇಕು. ಅಮೆರಿಕದ ನಾಯಕ ಹ್ಯಾಲ್ ಸಟನ್ ಮೊದಲ ದಿನವೇ ಟೈಗರ್ ವುಡ್ಸ್ ಮತ್ತು ಫಿಲ್ ಮಿಕಲ್ಸನ್ ಇಬ್ಬರನ್ನೂ ಒಟ್ಟಿಗೆ ಇಳಿಸಿದರು. ಇಬ್ಬರ ನಡುವೆ ಅಂಥ ಸ್ನೇಹವೇನೂ ಇರಲಿಲ್ಲ ಎನ್ನುವುದು ಊರಿಗೇ ಗೊತ್ತಿದ್ದ ಸಂಗತಿ. ಅದಕ್ಕಿಂತ ಕಠಿಣವಾದದ್ದು ಚೆಂಡಿನ ಪ್ರಶ್ನೆ. ಇದನ್ನು ಹೊರಗಿನವರು ಯೋಚಿಸುವುದೇ ಇಲ್ಲ. ಒಬ್ಬೊಬ್ಬ ಆಟಗಾರನ ಚೆಂಡು ಒಂದೊಂದು ಜಾತಿ: ಒಂದು ಜಾಸ್ತಿ ತಿರುಗುತ್ತದೆ, ಇನ್ನೊಂದು ಕಡಿಮೆ, ಒಂದು ಮೇಲೇರಿ ಬೀಳುತ್ತದೆ, ಇನ್ನೊಂದು ತಗ್ಗಿನಲ್ಲೇ ಓಡುತ್ತದೆ. ಫೋರ್‌ಸಮ್ಸ್‌ನಲ್ಲಿ ಯಾರಾದರೊಬ್ಬರು ಪರರ ಚೆಂಡನ್ನು ಆಡಲೇಬೇಕು. ಟೈಗರ್‌ನ ಚೆಂಡಿಗೆ ಒಗ್ಗಿಕೊಳ್ಳಲು ಮಿಕಲ್ಸನ್ ತಂಡ ಬಿಟ್ಟು ಒಬ್ಬರೇ ಅಭ್ಯಾಸ ಮಾಡಿದರು. ಸಾಲದ್ದಕ್ಕೆ ಆಗಷ್ಟೇ ಕ್ಲಬ್‌ಗಳ ಕಂಪನಿಯನ್ನೂ ಬದಲಿಸಿದ್ದರು. ಬೆಳಿಗ್ಗೆಯ ಫೋರ್‌ಬಾಲ್ ಸೋತರು. ಮಧ್ಯಾಹ್ನದ ಫೋರ್‌ಸಮ್ಸ್‌ನಲ್ಲಿ ಡ್ಯಾರೆನ್ ಕ್ಲಾರ್ಕ್ ಮತ್ತು ಲೀ ವೆಸ್ಟ್‌ವುಡ್ ವಿರುದ್ಧ ಹದಿನೇಳು ಹೋಲ್ ಮುಗಿದಾಗ ಸಮ. ಹದಿನೆಂಟನೆಯ ಟೀಯಲ್ಲಿ ಮಿಕಲ್ಸನ್ ಸರದಿ. ಚೆಂಡು ಎಡಕ್ಕೆ, ಇನ್ನೂ ಎಡಕ್ಕೆ, ಕೊನೆಗೆ ಬೇಲಿಯ ಬುಡಕ್ಕೆ. ಕ್ಯಾಮೆರಾ ತಿರುಗಿದ್ದು ಟೈಗರ್ ಮುಖದ ಕಡೆ. ಸಾರಿ ಹೇಳಕೂಡದೆಂಬ ಕಟ್ಟಳೆ ಇದ್ದರೂ, ನೋಡಕೂಡದೆಂಬ ಕಟ್ಟಳೆ ಇಲ್ಲವಲ್ಲ! ಆ ಪಂದ್ಯವೂ ಹೋಯಿತು. ಮೂರನೆಯ ದಿನ ಲೆಕ್ಕ ಮುಗಿದಾಗ ಯುರೋಪ್ 18½, ಅಮೆರಿಕ 9½.

ಅದೇ ಸೆವೆ ಬಾಲೆಸ್ಟೆರೋಸ್ ಮತ್ತು ಹೋಸೆ ಮರಿಯಾ ಒಲಾಥಾಬಲ್ ಜೋಡಿಯನ್ನು ನೋಡಿ. ಇಬ್ಬರೂ ಸ್ಪೇನ್‌ನವರು, ಒಂಬತ್ತು ವರ್ಷ ಅಂತರ. 1987ರಲ್ಲಿ ಓಹಾಯೋದ ಮ್ಯೂರ್‌ಫೀಲ್ಡ್ ವಿಲೇಜ್‌ನಲ್ಲಿ ಮೊದಲ ಸಲ ಜೊತೆಗೂಡಿದಾಗ ಒಲಾಥಾಬಲ್‌ಗೆ ಇಪ್ಪತ್ತೊಂದು. ಒಟ್ಟು ಹದಿನೈದು ಪಂದ್ಯಗಳಲ್ಲಿ ಹನ್ನೊಂದು ಗೆಲುವು, ಎರಡು ಸಮ, ಎರಡೇ ಸೋಲು. ಸೆವೆಯ ಡ್ರೈವ್ ಯಾವ ಮರದ ಕೆಳಗೆ ಹೋಗಿ ಕೂರುತ್ತದೆಂದು ಸೆವೆಗೇ ಗೊತ್ತಿರುತ್ತಿರಲಿಲ್ಲ. ಚಿಕ್ಕವನು ಹೋಗಿ ಅಲ್ಲಿಂದ ನೆಟ್ಟಗೆ ಹೊರಗೆ ತರುತ್ತಿದ್ದ, ದೊಡ್ಡವನು ಗ್ರೀನ್ ಸುತ್ತ ಮಾಯಾಜಾಲ ತೋರಿಸುತ್ತಿದ್ದ. ಸೆವೆ ತೀರಿಕೊಂಡ ಮರುವರ್ಷ, 2012ರಲ್ಲಿ, ಶಿಕಾಗೋ ಹತ್ತಿರದ ಮೆಡೈನಾದಲ್ಲಿ ನಾಯಕನಾಗಿದ್ದವರು ಅದೇ ಒಲಾಥಾಬಲ್. ಕೊನೆಯ ದಿನಕ್ಕೆ 10-6ರ ಹಿನ್ನಡೆ. ಯುರೋಪ್ 14½-13½ರಿಂದ ಗೆದ್ದಿತು. ನಾಯಕ ಆಕಾಶ ನೋಡಿಕೊಂಡು ಅತ್ತರು.

ಯುರೋಪ್ ಎಂಬ ತಂಡವೇ ಹುಟ್ಟಿದ್ದು 1979ರಲ್ಲಿ. ಅದಕ್ಕೆ ಮೊದಲು ಬ್ರಿಟನ್ ಒಂದೇ, ಆಮೇಲೆ ಐರ್ಲೆಂಡ್ ಸೇರಿಸಿಕೊಂಡು, ಅಮೆರಿಕದ ಕೈಲಿ ಹೊಡೆತ ತಿನ್ನುತ್ತಲೇ ಬಂದಿತ್ತು. ಹೀಗೇ ಆದರೆ ಸ್ವಾರಸ್ಯವಿರದು, ಯುರೋಪಿನವರನ್ನೆಲ್ಲ ಸೇರಿಸಿಕೊಳ್ಳಿ ಎಂದು ಒತ್ತಾಯಿಸಿದವರು ಅಮೆರಿಕದ ಜ್ಯಾಕ್ ನಿಕ್ಲಸ್. 1987ರಲ್ಲಿ ತಾವೇ ಕಟ್ಟಿದ ಮ್ಯೂರ್‌ಫೀಲ್ಡ್ ವಿಲೇಜ್‌ನಲ್ಲಿ, ತಮ್ಮದೇ ನಾಯಕತ್ವದಲ್ಲಿ, ಅದೇ ಯುರೋಪ್‌ಗೆ ಅವರು ಸೋತರು. ಅಮೆರಿಕ ತನ್ನ ನೆಲದಲ್ಲಿ ರೈಡರ್ ಕಪ್ ಸೋತದ್ದು ಅದೇ ಮೊದಲು.

ಕಪ್ಪಿಗೆ ಹೆಸರು ಕೊಟ್ಟ ಸ್ಯಾಮ್ಯುಯೆಲ್ ರೈಡರ್ ಇಂಗ್ಲೆಂಡಿನ ಸೇಂಟ್ ಆಲ್ಬನ್ಸ್‌ನ ಬೀಜದ ವ್ಯಾಪಾರಿ. ಪೆನ್ನಿಗೊಂದು ಪೊಟ್ಟಣದಂತೆ ಹೂವಿನ ಬೀಜ ಮಾರಿ ದುಡ್ಡು ಮಾಡಿದವರು, ಐವತ್ತರ ಆಚೀಚೆ ಆರೋಗ್ಯಕ್ಕೆಂದು ಗಾಲ್ಫ್ ಹಿಡಿದವರು. ಆ ವಯಸ್ಸಿನಲ್ಲಿ ಶುರುಮಾಡಿದವರ ಹುಚ್ಚು ಎಂಥದೆಂದು ನನಗೆ ಗೊತ್ತು. ಏಬ್ ಮಿಚೆಲ್ ಎಂಬ ವೃತ್ತಿಪರನನ್ನು ಸ್ವಂತ ಗುರುವಾಗಿ ಇಟ್ಟುಕೊಂಡರು. ಚಿನ್ನದ ಕಪ್ಪಿನ ಮುಚ್ಚಳದ ಮೇಲೆ ನಿಂತಿರುವ ಪುಟ್ಟ ಮೂರ್ತಿ ಅವನದೇ. 1927ರಲ್ಲಿ ಮೊದಲ ಪಂದ್ಯಕ್ಕೆ ತಂಡ ಹಡಗು ಹತ್ತಿ ಅಮೆರಿಕಕ್ಕೆ ಹೊರಟಾಗ ಮಿಚೆಲ್‌ಗೆ ಅಪೆಂಡಿಸೈಟಿಸ್. ಅವನು ಊರಲ್ಲೇ ಉಳಿದ.

ಅಮೆಚೂರ್‌ಗಳ ವಾಕರ್ ಕಪ್ ಇನ್ನೂ ಐದು ವರ್ಷ ಹಿರಿದು. 1922ರಲ್ಲಿ ನ್ಯೂಯಾರ್ಕ್ ಬಳಿಯ ನ್ಯಾಷನಲ್ ಗಾಲ್ಫ್ ಲಿಂಕ್ಸ್‌ನಲ್ಲಿ ಮೊದಲ ಪಂದ್ಯ. ಲಂಡನ್ನಿನ 'ಟೈಮ್ಸ್' ಪತ್ರಿಕೆಗೆ ವರದಿ ಮಾಡಲು ಬರ್ನಾರ್ಡ್ ಡಾರ್ವಿನ್ ಹೋಗಿದ್ದರು. ವಿಕಾಸವಾದದ ಚಾರ್ಲ್ಸ್ ಡಾರ್ವಿನ್ನರ ಮೊಮ್ಮಗ. ಬ್ರಿಟಿಷ್ ನಾಯಕ ರಾಬರ್ಟ್ ಹ್ಯಾರಿಸ್ ಕಾಯಿಲೆ ಬಿದ್ದರು. ವರದಿಗಾರ ಪೆನ್ನು ಕೆಳಗಿಟ್ಟು ಕ್ಲಬ್ ಹಿಡಿದು ನಾಯಕನೂ ಆಗಿ, ತನ್ನ ಸಿಂಗಲ್ಸ್ ಗೆದ್ದುಕೊಂಡು ಬಂದರು. ಪತ್ರಿಕೆಗಳಿಗೆ ಬರೆಯುವ ನನ್ನಂಥವರ ಎದೆ ಉಬ್ಬಿಸುವ ಇಂಥ ಕಥೆ ಕ್ರಿಕೆಟ್‌ನಲ್ಲಿ ಇದ್ದರೆ ಯಾರಾದರೂ ತಿಳಿಸಿ.

ಜೋಡಿ ಆಟ ಬಿಟ್ಟರೆ ನನಗೆ ಪ್ರಿಯವಾದದ್ದು ಪಟ್ ಬಿಟ್ಟುಕೊಡುವ ಪದ್ಧತಿ. ಇಲ್ಲಿ ಲೆಕ್ಕ ಹೋಲ್‌ಗೆ ಹೋಲ್ ಆದ್ದರಿಂದ, ಕುಳಿಯ ಬಾಯಲ್ಲೇ ನಿಂತ ಎದುರಾಳಿಯ ಚೆಂಡನ್ನು 'ಎತ್ತಿಕೊಳ್ಳಪ್ಪ' ಎಂದು ಬಿಡಬಹುದು. ಔದಾರ್ಯದ ಜೊತೆ ಇದರಲ್ಲಿ ಕುಯುಕ್ತಿಯೂ ಇದೆ. ಬೆಳಿಗ್ಗೆಯಿಂದ ಎರಡಡಿಯ ಪಟ್‌ಗಳನ್ನೆಲ್ಲ ಧಾರಾಳವಾಗಿ ಬಿಟ್ಟುಕೊಟ್ಟು, ಹದಿನಾರನೆಯ ಹೋಲ್‌ನಲ್ಲಿ ಸುಮ್ಮನೆ ಮರದ ಕಡೆ ನೋಡುತ್ತ ನಿಂತುಬಿಡುವವರು ನಮ್ಮಲ್ಲೂ ಇದ್ದಾರೆ. ಅಲ್ಲಿಯವರೆಗೆ ಒಂದೂ ಸಣ್ಣ ಪಟ್ ಹೊಡೆಯದವನ ಮೊಣಕೈ ಆಗ ಕಲ್ಲಾಗುತ್ತದೆ. 1969ರ ರೈಡರ್ ಕಪ್‌ನಲ್ಲಿ, ರಾಯಲ್ ಬರ್ಕ್‌ಡೇಲ್‌ನಲ್ಲಿ ನಡೆದದ್ದು ಮಾತ್ರ ಯಾವ ಲೆಕ್ಕಾಚಾರಕ್ಕೂ ಸಿಗದ್ದು. ಕೊನೆಯ ಪಂದ್ಯ, ಕೊನೆಯ ಹೋಲ್, ನಿಕ್ಲಸ್ ಎದುರು ಬ್ರಿಟನ್ನಿನ ಟೋನಿ ಜ್ಯಾಕ್ಲಿನ್. ಹಿಂದಿನ ಹೋಲ್‌ನಲ್ಲಿ ಜ್ಯಾಕ್ಲಿನ್ ಬಲು ದೂರದ ಪಟ್ ಹಾಕಿ ಸಮ ಮಾಡಿಕೊಂಡಿದ್ದರು. ನಿಕ್ಲಸ್ ತಮ್ಮ ಪಟ್ ಮುಗಿಸಿದರು. ಬಗ್ಗಿದರು. ಸುಮಾರು ಎರಡಡಿ ದೂರದಲ್ಲಿದ್ದ ಜ್ಯಾಕ್ಲಿನ್‌ರ ಗುರುತಿನ ನಾಣ್ಯವನ್ನು ತಾವೇ ಎತ್ತಿ ಅವರ ಕೈಗೆ ಕೊಟ್ಟರು. ಪಂದ್ಯ ಸಮ, ಕಪ್ 16-16. ರೈಡರ್ ಕಪ್ ಇತಿಹಾಸದಲ್ಲೇ ಮೊದಲ ಸಮಬಲ. ಅಮೆರಿಕದ ನಾಯಕ ಸ್ಯಾಮ್ ಸ್ನೀಡ್‌ಗೆ ಇದು ಸುತರಾಂ ಹಿಡಿಸಲಿಲ್ಲ. ನನಗೂ ಆಗಾಗ ಸ್ನೀಡ್ ಪರ ವಾದಿಸುವ ಚಪಲ ಬರುತ್ತದೆ: ಉಳಿದ ಹನ್ನೊಂದು ಜನ ಮೂರು ದಿನ ಬೆವರು ಸುರಿಸಿದ್ದನ್ನು ಒಬ್ಬನೇ ದಾನ ಮಾಡಬಹುದೇ? ಆದರೂ ನಾಣ್ಯ ಎತ್ತುವ ಆ ಚಿತ್ರ ಕಂಡಾಗ ವಾದ ಗಂಟಲಲ್ಲೇ ನಿಲ್ಲುತ್ತದೆ.

ಅನಿರ್ಬಾನ್ ಲಾಹಿರಿಗೆ ಯಾರೂ ಹಾಗೆ ಬಿಟ್ಟುಕೊಡಲಿಲ್ಲ. ಬಿಟ್ಟುಕೊಡುವಂತೆಯೂ ಇರಲಿಲ್ಲ. ಬೆಂಗಳೂರಿನಲ್ಲಿ ವಿಜಯ್ ದಿವೇಚಾ ಅವರ ಕೈಯಲ್ಲಿ ಪಳಗಿದ ಲಾಹಿರಿ 2015ರಲ್ಲಿ ಪ್ರೆಸಿಡೆಂಟ್ಸ್ ಕಪ್ ಆಡಿದ ಮೊದಲ ಭಾರತೀಯ. ಯುರೋಪ್ ಹೊರತಾದ ಮಿಕ್ಕ ಲೋಕವೆಲ್ಲ ಒಂದಾಗಿ ಅಮೆರಿಕದ ಮೇಲೆ ಬೀಳುವ ಟೂರ್ನಿ ಅದು. ಕೊರಿಯಾದ ಇಂಚಿಯಾನ್‌ನಲ್ಲಿ ಭಾನುವಾರ, ಹದಿನೆಂಟನೆಯ ಗ್ರೀನ್. ಎದುರಾಳಿ ಕ್ರಿಸ್ ಕರ್ಕ್‌ಗೆ ಹದಿನೈದು ಅಡಿಯ ಪಟ್, ಲಾಹಿರಿಯದು ನಾಲ್ಕಡಿಯ ಆಸುಪಾಸು. ಕರ್ಕ್ ಹಾಕಿದರು. ಲಾಹಿರಿಯ ಚೆಂಡು ಕುಳಿಯ ಅಂಚನ್ನು ಸವರಿಕೊಂಡು ಹೊರಗೆ ನಿಂತಿತು. ಅಮೆರಿಕ 15½, ಅಂತರರಾಷ್ಟ್ರೀಯ ತಂಡ 14½. ಆ ಅರ್ಧ ಪಾಯಿಂಟ್ ಇತ್ತ ಬಂದಿದ್ದರೆ ಹದಿನೈದು-ಹದಿನೈದು ಎಂದು ನಮ್ಮ ಕ್ಲಬ್ಬಿನ ಚಹಾ ಮೇಜಿನಲ್ಲಿ ಇಂದಿಗೂ ಗಣಿತ ನಡೆಯುತ್ತದೆ. ಹೆಚ್ಚು ಜನ ಮರೆತಿರುವುದು 2017ರ ಕಥೆ. ಅಂತರರಾಷ್ಟ್ರೀಯ ತಂಡ ಎಷ್ಟು ನೆಲಕಚ್ಚಿತ್ತೆಂದರೆ ಶನಿವಾರವೇ ಕಪ್ ಕೈಬಿಡುವುದರಲ್ಲಿತ್ತು. ಕೊರಿಯಾದ ಸಿ ವೂ ಕಿಮ್ ಜೊತೆ ಲಾಹಿರಿ ಆ ಸಂಜೆ ಒಂದು ಫೋರ್‌ಬಾಲ್ ಗೆದ್ದರು. ಸೋಲನ್ನು ಭಾನುವಾರಕ್ಕೆ ಮುಂದೂಡಿದ ಗೆಲುವು ಅಷ್ಟೆ. ಆದರೆ ಎರಡು ವರ್ಷ ಆ ಅಂಚಿನ ಚೆಂಡನ್ನು ಹೊತ್ತು ತಿರುಗಿದವನಿಗೆ ಅದು ಅಷ್ಟೇ ಆಗಿರಲಿಕ್ಕಿಲ್ಲ.

ಹಾಂಗ್‌ಝೌ ಏಷ್ಯನ್ ಗೇಮ್ಸ್‌ಗೆ 2023ರಲ್ಲಿ ಹೋದ ಭಾರತದ ಮಹಿಳಾ ತಂಡದಲ್ಲಿ ಮೂವರು: ಅದಿತಿ ಅಶೋಕ್, ಅವನಿ ಪ್ರಶಾಂತ್, ಪ್ರಣವಿ ಅರಸ್. ಇಬ್ಬರು ಬೆಂಗಳೂರು, ಒಬ್ಬರು ಮೈಸೂರು! ದೇಶದ ತಂಡ ಎಂದು ಹೆಸರು, ನೋಡಿದರೆ ಶತಾಬ್ದಿ ರೈಲಿನ ಒಂದೇ ಬೋಗಿಯಲ್ಲಿ ಹಿಡಿಸಬಹುದಾದ ತಂಡ. ಅಲ್ಲಿಯ ಲೆಕ್ಕ ಬೇರೆ. ಮೂವರೂ ಆಡುತ್ತಾರೆ, ದಿನದ ಉತ್ತಮ ಎರಡು ಕಾರ್ಡ್‌ಗಳನ್ನಷ್ಟೇ ತಂಡಕ್ಕೆ ಎಣಿಸುತ್ತಾರೆ. ಅಮೆಚೂರ್‌ಗಳ ವಿಶ್ವ ತಂಡ ಚಾಂಪಿಯನ್‌ಶಿಪ್ ಐಸೆನ್‌ಹೋವರ್ ಟ್ರೋಫಿಯಲ್ಲೂ ಈಗ ಇದೇ ಕ್ರಮ. ಇಡೀ ದಿನ ಬಿಸಿಲಲ್ಲಿ ಪ್ರತಿ ಹೊಡೆತ ಬರೆದಿಟ್ಟು ಬಂದ ಮೂರನೆಯವಳ ಕಾರ್ಡು ಸಂಜೆಗೆ ಮೂಲೆಗೆ. ಯಾರದು ಮೂಲೆಗೆ ಎಂಬುದು ಮುಗಿಯುವತನಕ ಯಾರಿಗೂ ಗೊತ್ತಿಲ್ಲದ್ದರಿಂದ ಮೂವರಿಗೂ ಕೈಚೆಲ್ಲುವಂತಿಲ್ಲ. ಆ ವಾರ ಅದಿತಿ 67, 66, 61 ಹೊಡೆದು ಏಳು ಹೊಡೆತ ಮುಂದಿದ್ದರು. ಕೊನೆಯ ದಿನ 77. ಥಾಯ್ಲೆಂಡಿನ ಅರ್ಪಿಚಾಯಾ ಯುಬೋಲ್‌ಗೆ ಚಿನ್ನ, ಅದಿತಿಗೆ ಬೆಳ್ಳಿ, ತಂಡಕ್ಕೆ ಏನೂ ಇಲ್ಲ. ಪಕ್ಕದಲ್ಲಿ ಜೋಡಿಯೊಬ್ಬಳಿದ್ದು, ಎರಡಕ್ಕೊಂದು ಹೊಡೆತ ಅವಳ ಪಾಲಿಗೆ ಇದ್ದಿದ್ದರೆ ಎಂದು ನನ್ನ ಫೋರ್‌ಸಮ್ಸ್ ತಲೆ ಆಗಲೂ ಲೆಕ್ಕ ಹಾಕುತ್ತಿತ್ತು.

ಈ ತಲೆಗೆ ಈಗ ಹೊಸ ಕೆಲಸ ಸಿಕ್ಕಿದೆ. 2028ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ಗೆ ಗಾಲ್ಫ್‌ನಲ್ಲಿ ಮಿಶ್ರ ತಂಡದ ಸ್ಪರ್ಧೆ ಸೇರಿಸಿದ್ದಾರೆ: ದೇಶಕ್ಕೆ ಒಬ್ಬ ಗಂಡು, ಒಬ್ಬ ಹೆಣ್ಣು. ನಮ್ಮವರು ಅರ್ಹತೆ ಗಳಿಸಿದರೆ, ಸರದಿಯ ಹೊಡೆತ ಬಂದರೆ, ಅದಿತಿಯ ಜೊತೆಗೆ ಯಾರು? ಬ್ಯಾಂಕಿನವರ ವಾದ: ಅದಿತಿಯ ಡ್ರೈವ್ ಗಿಡ್ಡ, ಪಟರ್ ಮಾತ್ರ ಬಂಗಾರ, ಆದ್ದರಿಂದ ದೂರ ಹೊಡೆಯುವ ಹುಡುಗನನ್ನು ಹಾಕಿ, ಉದ್ದದ ಹೋಲ್‌ಗಳೆಲ್ಲ ಅವನ ಟೀಗೆ ಬೀಳುವಂತೆ ಬೆಸ-ಸಮ ಹಂಚಿ. ನನ್ನ ಪ್ರಕಾರ ದೂರ ಆಮೇಲಿನ ಮಾತು. ಅವನು ಅವಳ ಚೆಂಡನ್ನು ಆಡಲು ಒಪ್ಪುತ್ತಾನೋ ಇಲ್ಲವೋ, ಅದನ್ನು ಮೊದಲು ಕೇಳಬೇಕು.